ಎಫೆಸದ ಹಿರಿಯರೂ ನಮ್ಮ ಸಭೆಗಳೂ

(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 20:17–38)

ಇನ್ನು ಮುಂದೆ ತನ್ನ ಮುಖವನ್ನು ಕಾಣುವದಿಲ್ಲವೆಂದು ಪೌಲನು ಎಫೆಸದ ಹಿರಿಯರಿಗೆ ತಿಳಿಸಿದಾಗ ಅವರು ಬಹಳವಾಗಿ ಅತ್ತರು. ನಮ್ಮ ಕರಾವಳಿಯ ಸಭೆಗಳಿಗೂ ಅಂಥ ದಿನವು ಬಂದಿತ್ತು.

1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಸ್ನಾನದೀಕ್ಷೆಯ ನಿಮಿತ್ತ ಮನೆಯನ್ನೂ ಕಸುಬನ್ನೂ ಕಳಕೊಂಡವರಿಗೆ ಮಿಶನ್ನಿನವರು ನೇಯ್ಗೆಯನ್ನೂ ಹಂಚಿನ ಕೆಲಸವನ್ನೂ ಒದಗಿಸಿದರು. ಬ್ರಹ್ಮಾವರಕ್ಕೆ ದೂರವಲ್ಲದ ಮಲ್ಪೆಯಲ್ಲಿ 1886ರಲ್ಲಿ ಹಂಚಿನ ಕಾರ್ಖಾನೆಯಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಉಪದೇಶವೂ ಕೂಲಿಯೂ ಒಂದೇ ಕೈಯಿಂದ ಬರುತ್ತಿದ್ದದರಿಂದ, ಸಭೆಯು ದೊರೆಗಳದೆಂಬ ಭಾವನೆಯು ಅನೇಕರಲ್ಲಿ ಬೇರೂರಿತು. ಅದರ ಚಿಗುರು ಇಂದು ನಮ್ಮಲ್ಲಿ ಇಲ್ಲವೆನ್ನಲಾರೆವು.

1914ರಲ್ಲಿ ಮಹಾಯುದ್ಧವು ಹುಟ್ಟಲು, ಸರಕಾರವು ಜರ್ಮನಿಯವರಾದ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಿಬಿಟ್ಟಿತು. ಯುದ್ಧದ ತರುವಾಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕೂಲಿ ಕೊಡುವವರು ಬೇರೆ, ಸಭೆಯು ಬೇರೆ ಎಂದಾಯಿತು. ಆಗ ದೇಶೀಯರಾದ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಆರಾಧನೆಯನ್ನು ನಿಲ್ಲಗೊಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪನೆಯಾಯಿತು. ನಮ್ಮ ಸಭೆಗಳೂ ಕಾಲಕ್ರಮದಲ್ಲಿ ಅದರೊಳಗೆ ಸೇರಿದವು.

ಕುಂದಾಪುರ, ಬೈಂದೂರು ಸೀಮೆಯ ಸಹೋದರರೇ, 34ನೆಯ ವಚನವನ್ನು ಮನೆಯವರೊಡನೆ ಓದಿರಿ. ಪೌಲನು ತನ್ನ ಕೈಗಳ ಮಾತನ್ನು ಅಲ್ಲಿ ಎತ್ತಿದ್ದೇಕೆ? ನಮ್ಮ ಸಭಾಪಾಲಕರ ಅನ್ನವು ಯಾರ ಮನೆಯ ಅಕ್ಕಿಮುಡಿಯಿಂದ ಬರತಕ್ಕದ್ದು? ಮುಂದಿನ ಕೂಟದಲ್ಲಿ ಒಬ್ಬೊಬ್ಬರೂ ಉತ್ತರ ಹೇಳಿರಿ.