‘ಇವರನ್ನ ಹತ್ತಿಸಲ್ಲ’ ಎಂದರೆ ಕಾರಣ ಕೇಳಿ: ಮನರಂಜನಾ ಪಾರ್ಕಿನಲ್ಲಿ ವಿಕಲಚೇತನರ ಹಕ್ಕು

ಟಿ. ದಾಸರಹಳ್ಳಿಯ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪನಿಗೆ ಪೀಣ್ಯದ ಲೇತ್ ಶಾಪಿನಲ್ಲಿ ಕೆಲಸ. ಹದಿನಾಲ್ಕರ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಓಡಾಟವೆಲ್ಲ ವೀಲ್‌ಚೇರಿನಲ್ಲಿ. ಅವಳ ಹಟಕ್ಕೆ ಒಂದು ಭಾನುವಾರ ಎಲ್ಲರೂ ಪಕ್ಕದ ಜಿಲ್ಲೆಯ ಪಾರ್ಕಿಗೆ ಹೋಗುತ್ತಾರೆ. ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ಕೊಂಡು, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ರೈಡಿನ ಹುಡುಗ ಹೇಳುತ್ತಾನೆ: “ಇವರನ್ನ ಹತ್ತಿಸೋಕಾಗಲ್ಲ ಸಾರ್, ಪಕ್ಕದಲ್ಲಿ ಕೂರಿಸಿ.” ತಮ್ಮ ಹತ್ತುತ್ತಾನೆ, ಅಕ್ಕ ಕಂಬಿಯಾಚೆ ಕೂತು ನೋಡುತ್ತಾಳೆ. ಅಪ್ಪ ಸುಮ್ಮನಾಗುತ್ತಾನೆ.

ಸುಮ್ಮನಾಗಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದು ಸರ್ಕಾರಿ ಕಚೇರಿಗಳಿಗಷ್ಟೇ ಅನ್ವಯ ಎಂಬ ತಿಳಿವಳಿಕೆ ತಪ್ಪು. ಜನ ಬಂದುಹೋಗುವ ಖಾಸಗಿ ಕಟ್ಟಡವೂ, ವಿರಾಮ ಮತ್ತು ಮನರಂಜನೆಯ ತಾಣವೂ ಕಾಯ್ದೆಯ ಪ್ರಕಾರ ‘ಸಾರ್ವಜನಿಕ ಕಟ್ಟಡ’ವೇ. ಸಾಹಸ ಚಟುವಟಿಕೆಗಳಲ್ಲಿ ವಿಕಲಚೇತನರು ಭಾಗವಹಿಸಲು ಸರ್ಕಾರ ಅನುಕೂಲ ಮಾಡಿಕೊಡಬೇಕೆಂದು 29ನೇ ಕಲಂ ಹೇಳುತ್ತದೆ.

ಮುಖ್ಯವಾದದ್ದು 3ನೇ ಕಲಂ. ವೈಕಲ್ಯದ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡುವಂತಿಲ್ಲ. ನ್ಯಾಯಯುತ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ನಿರ್ಬಂಧ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಸುರಕ್ಷತೆ ನ್ಯಾಯಯುತ ಉದ್ದೇಶವೇ. ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿಯಲೇಬೇಕಾದ ರೈಡಿಗೆ ಆ ಶಕ್ತಿ ಇಲ್ಲದವರನ್ನು ಹತ್ತಿಸದಿದ್ದರೆ ಅದಕ್ಕೆ ಅರ್ಥವಿದೆ. ಆದರೆ ವೀಲ್‌ಚೇರ್ ಕಂಡ ಕೂಡಲೇ ಎಲ್ಲ ರೈಡುಗಳಿಗೂ ‘ಆಗಲ್ಲ’ ಎನ್ನುವುದು ಸುರಕ್ಷತೆಯಲ್ಲ. ನಿರ್ಬಂಧ ಯಂತ್ರದ ಸ್ವರೂಪ ನೋಡಿ ಹುಟ್ಟಬೇಕು, ಮನುಷ್ಯನ ರೂಪ ನೋಡಿ ಅಲ್ಲ.

ಹತ್ತಲು ಒಂದಿಷ್ಟು ಹೆಚ್ಚು ಸಮಯ, ಸಾಲಿನಲ್ಲಿ ಕಾಯದಂತೆ ಬೇರೆ ದಾರಿ, ಜೊತೆಗೊಬ್ಬರು ಕೂರಲು ಅವಕಾಶ: ಇಂಥ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೂ ಕಾಯ್ದೆಯ ಲೆಕ್ಕದಲ್ಲಿ ತಾರತಮ್ಯವೇ.

ಕನಿಷ್ಠ ಶೇ. 40 ವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕಾಗುವುದು ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ. ತಾರತಮ್ಯದ ವಿರುದ್ಧದ ರಕ್ಷಣೆಗೆ ಆ ಮಿತಿಯಿಲ್ಲ. ಆದರೂ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಜೊತೆಗಿದ್ದರೆ ಮಾತು ಸುಲಭ.

ನ್ಯಾಯಾಲಯ ಹೇಳಿದ್ದು

2012ರ ಫೆಬ್ರುವರಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು ಕೋಲ್ಕತ್ತದಲ್ಲಿ ಖಾಸಗಿ ವಿಮಾನವೊಂದರಿಂದ ಕೆಳಗಿಳಿಸಲಾಯಿತು. ಸೀಟಿನಲ್ಲಿ ಕೂತಾಗಿತ್ತು, ಗೋವಾದ ಸಮ್ಮೇಳನಕ್ಕೆ ಹೊರಟಿದ್ದರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ರಾಜೀವ್ ರತೂರಿ ಪ್ರಕರಣದಲ್ಲಿ, 2024ರ ನವೆಂಬರ್ 8ರಂದು, ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಕೂಡದು, ಕಡ್ಡಾಯ ನಿಯಮ ಬೇಕು ಎಂದು ಅದೇ ನ್ಯಾಯಾಲಯ ಹೇಳಿತು.

ಏನು ಮಾಡಬೇಕು?

1. ಹೊರಡುವ ಮೊದಲೇ ಪಾರ್ಕಿಗೆ ಇಮೇಲ್ ಮಾಡಿ: ಯಾವ ರೈಡಿಗೆ ನಿರ್ಬಂಧ, ಶೌಚಾಲಯ ಮತ್ತು ಇಳಿಜಾರು ದಾರಿ ಇದೆಯೇ? ಉತ್ತರವನ್ನು ಜೋಪಾನವಾಗಿಡಿ.

2. ಸ್ಥಳದಲ್ಲಿ ನಿರಾಕರಿಸಿದರೆ ಮ್ಯಾನೇಜರನ್ನು ಕರೆಸಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಟಿಕೆಟ್, ಸಮಯ, ಸೂಚನಾ ಫಲಕದ ಫೋಟೊ ಇಟ್ಟುಕೊಳ್ಳಿ.

3. ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ವಿಚಾರಣೆಗೆ ಕರೆಸುವುದರಲ್ಲಿ, ದಾಖಲೆ ತರಿಸುವುದರಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕಾಯ್ದೆಯ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವುಂಟು.

4. ಟಿಕೆಟ್ ಕೊಂಡ ನೀವು ಗ್ರಾಹಕರೂ ಹೌದು. ಪಾರ್ಕ್ ಬೇರೆ ಜಿಲ್ಲೆಯಲ್ಲಿದ್ದರೂ ದಾಸರಹಳ್ಳಿಯವರು ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಸಸ್ಥಳದಲ್ಲಿ ದೂರಲು ಅವಕಾಶ ಕೊಟ್ಟಿದೆ. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಸಹಾಯವಾಣಿ 1915.

5. ಹತ್ತು ಜನರೆದುರು ಬೇಕೆಂದೇ ಅವಮಾನಿಸಿದರೆ ಅದು ಅಪರಾಧ. ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ. ಪೊಲೀಸರಿಗೆ ದೂರು ಕೊಡಿ.

ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಕರೆ ಮಾಡಬೇಕಾದ ಸಂಖ್ಯೆ 15100.

ಆ ಹುಡುಗಿ ಕೇಳಿದ್ದು ಕನಿಕರವನ್ನಲ್ಲ, ತಮ್ಮನ ಪಕ್ಕದ ಸೀಟನ್ನು. ಮುಂದಿನ ಸಲ ಯಾರಾದರೂ ‘ಆಗಲ್ಲ’ ಎಂದರೆ ತಲೆ ತಗ್ಗಿಸಿ ಹಿಂತಿರುಗಬೇಡಿ. “ಯಾಕೆ ಆಗಲ್ಲ ಅಂತ ಬರೆದುಕೊಡಿ” ಎಂದು ಕೇಳಿ.