ಹೆರಿಗೆ: ದೇಹದ ಮೇಲೆ ನಂಬಿಕೆ ಇರಲಿ, ಕಣ್ಣು ಎಚ್ಚರವಾಗಿರಲಿ



ಗರ್ಭಿಣಿ ತಾಯಂದಿರೇ, ಅವರನ್ನು ಆಸ್ಪತ್ರೆಗೆ ಕರೆತರುವ ಅವ್ವಂದಿರೇ, ಅತ್ತೆಯಂದಿರೇ,

ಹೆರಿಗೆ ಒಂದು ರೋಗವಲ್ಲ. ಹಸಿವು, ನಿದ್ದೆಗಳಂತೆ ಅದೂ ದೇಹದ ಸಹಜ ಕ್ರಿಯೆ. ಆದರೂ ಹೆರಿಗೆ ಕೋಣೆಯ ಬಾಗಿಲಲ್ಲಿ ನಮಗೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. "ಸಿಸ್ಟರ್, ಹುಡುಗಿ ನೋವು ತಡೆಯಲ್ಲ, ಆಪರೇಷನ್ನೇ ಮಾಡಿಬಿಡ್ರಿ" ಎಂಬುದು ಒಂದು. "ನಮ್ಮ ಹಟ್ಟೀಲಿ ಎಲ್ಲರಿಗೂ ಮನೇಲೇ ಆಗೈತೆ, ಇವಳಿಗೂ ಆಗುತ್ತೆ ಅಂತ ಕಾದ್ವಿ" ಎಂಬುದು ತಡವಾಗಿ ಕರೆತಂದವರ ಮಾತು. ಮೊದಲನೆಯದು ದೇಹವನ್ನು ನಂಬದವರ ಮಾತು. ಎರಡನೆಯದು ನಂಬಿಕೆಯ ಹೆಸರಿನಲ್ಲಿ ಮೈಮರೆತವರ ಮಾತು. ಇವೆರಡರ ನಡುವೆ ಒಂದು ದಾರಿ ಇದೆ. ದೇಹವನ್ನು ನಂಬಬೇಕು, ಅದಕ್ಕೆ ಸಮಯ ಕೊಡಬೇಕು, ಅದು ಸಹಾಯ ಕೇಳಿದ ಕೂಡಲೇ ಗುರುತಿಸಬೇಕು. ಈ ಪಾಠದ ಸಾರ ಇಷ್ಟೇ.

ನೆರೆಯ ಪಾವಗಡದ ಸೂಲಗಿತ್ತಿ

ಚಳ್ಳಕೆರೆಗೆ ಹೊಂದಿಕೊಂಡಿರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬಹುದು. ಅಜ್ಜಿಯಿಂದ ಈ ವಿದ್ಯೆ ಕಲಿತ ಅವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಕೂಲಿ ಕೇಳದೆ ಮಾಡಿದ ಆ ಸೇವೆ ನಿಜವಾದ ಕಾಯಕ.

ಒಳ್ಳೆಯ ಸೂಲಗಿತ್ತಿ ಮಗುವನ್ನು ಎಳೆದು ತೆಗೆಯುತ್ತಿರಲಿಲ್ಲ. ಹೆರುವವಳ ಪಕ್ಕದಲ್ಲಿ ಕುಳಿತು, ಬೆನ್ನು ನೀವಿ, ಧೈರ್ಯ ಹೇಳಿ ಕಾಯುತ್ತಿದ್ದಳು. ಕಾಯುವ ಆ ಗುಣವನ್ನು ನಾವು ಅವರಿಂದ ಕಲಿಯಬೇಕು. ಆದರೆ ರಕ್ತ ಕೊಡುವುದಾಗಲಿ, ಆಪರೇಷನ್ ಮಾಡುವುದಾಗಲಿ ಯಾವ ಸೂಲಗಿತ್ತಿಯ ಕೈಯಲ್ಲೂ ಇರಲಿಲ್ಲ. ಅವು ಆಸ್ಪತ್ರೆಯಲ್ಲಿವೆ. ಆದ್ದರಿಂದ ಹೆರಿಗೆ ಸಹಜವಾಗಿಯೇ ಆಗಲಿ, ಆದರೆ ಆಸ್ಪತ್ರೆಯಲ್ಲಿ ಆಗಲಿ.

ಹೆರಿಗೆಯಲ್ಲಿ ದೇಹ ಏನು ಮಾಡುತ್ತದೆ?

ಗರ್ಭಕೋಶ ಬಲವಾದ ಸ್ನಾಯುಗಳ ಚೀಲ. ಹೆರಿಗೆ ಬೇನೆ ಬಂದಾಗ ಅದು ಬಿಗಿಯುತ್ತದೆ, ಮತ್ತೆ ಸಡಿಲವಾಗುತ್ತದೆ. ಪ್ರತಿ ಸಲ ಬಿಗಿದಾಗಲೂ ಗರ್ಭಕೋಶದ ಬಾಯಿ ಸ್ವಲ್ಪ ಸ್ವಲ್ಪವೇ ತೆರೆದು, ಕೊನೆಗೆ 10 ಸೆಂಟಿಮೀಟರ್ ಅಗಲವಾಗುತ್ತದೆ. ನಡುವೆ ಸಿಗುವ ಬಿಡುವಿನಲ್ಲಿ ತಾಯಿಗೆ ವಿಶ್ರಾಂತಿ, ಮಗುವಿಗೆ ಪೂರ್ತಿ ರಕ್ತ ಸಂಚಾರ. ಗರ್ಭಿಣಿಯಾದಾಗಿನಿಂದಲೇ ಸೊಂಟದ ಮೂಳೆಗಳ ಕೀಲುಗಳು ಸಡಿಲವಾಗುತ್ತಾ ಬಂದಿರುತ್ತವೆ. ಮಗುವಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಅವು ಒಂದರ ಮೇಲೊಂದು ಸ್ವಲ್ಪ ಸರಿದು ದಾರಿಗೆ ಹೊಂದಿಕೊಳ್ಳುತ್ತವೆ. ಮಗು ಗದ್ದವನ್ನು ಎದೆಗೆ ಒತ್ತಿಕೊಂಡು, ತಿರುಗುತ್ತಾ ಇಳಿಯುತ್ತದೆ. ಇದನ್ನೆಲ್ಲ ಯಾರೂ ಹೇಳಿಕೊಟ್ಟಿಲ್ಲ.

ಬೇನೆ ತರಿಸುವುದು ಮೆದುಳಿನಿಂದ ಬರುವ ಆಕ್ಸಿಟೋಸಿನ್ ಎಂಬ ರಸ. ತಾಯಿ ನೆಮ್ಮದಿಯಾಗಿದ್ದರೆ ಅದು ಚೆನ್ನಾಗಿ ಬರುತ್ತದೆ. ಹೆದರಿದರೆ, ನಾಚಿಕೊಂಡರೆ, ಗದರಿಸಿಕೊಂಡರೆ ಬೇನೆ ನಿಧಾನವಾಗಬಹುದು. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲೇ ಇದನ್ನು ಬರೆದರು. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಮತ್ತೆ ಹೆದರಿಕೆ ತರುತ್ತದೆ. ಆದ್ದರಿಂದ "ಆ ಮನೆಯವಳು ಹೆರಿಗೆಯಲ್ಲಿ ಹೀಗೆ ಕಷ್ಟಪಟ್ಟಳು" ಎಂಬ ಕಥೆಗಳನ್ನು ಗರ್ಭಿಣಿಯ ಮುಂದೆ ಹೇಳಬೇಡಿ.

ಎಷ್ಟು ಹೊತ್ತು ಕಾಯಬಹುದು?

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯಂತೆ, ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಜೋರಾದ ಹೆರಿಗೆ ಹಂತ ಶುರು. ಅದಕ್ಕೆ ಮುಂಚಿನ ಸಣ್ಣ ನೋವು ಎಷ್ಟು ಹೊತ್ತು ಇರುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. 5 ಸೆಂಟಿಮೀಟರ್ ಆದ ಮೇಲೆ ಚೊಚ್ಚಲ ಹೆರಿಗೆಯಲ್ಲಿ ಬಾಯಿ ಪೂರ್ತಿ ತೆರೆಯಲು ಸಾಮಾನ್ಯವಾಗಿ 12 ಗಂಟೆಯ ಒಳಗೆ, ನಂತರದ ಹೆರಿಗೆಗಳಲ್ಲಿ 10 ಗಂಟೆಯ ಒಳಗೆ ಸಾಕು. ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಚೊಚ್ಚಲಿಗೆ 3 ಗಂಟೆ, ಆಮೇಲಿನವರಿಗೆ 2 ಗಂಟೆಯವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬಾರದು.

ಈ ಹೊತ್ತಿನಲ್ಲಿ ನಾವು ಸುಮ್ಮನೆ ಕೂತಿರುವುದಿಲ್ಲ. 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳುತ್ತೇವೆ. ಅದು ನಿಮಿಷಕ್ಕೆ 110ರಿಂದ 160 ಇರಬೇಕು. ತಾಯಿಯ ಬಿ.ಪಿ., ನಾಡಿ, ಬೇನೆಯ ಅಂತರಗಳನ್ನು ಬರೆದಿಡುತ್ತೇವೆ. ಎಲ್ಲವೂ ಸರಿಯಿದ್ದರೆ ಕಾಯುವುದೇ ಚಿಕಿತ್ಸೆ.

ನೋವು ಬಂದಾಗ ಹೀಗೆ ಮಾಡಿ

1. ಒಂದೇ ಸಮನೆ ಮಲಗಿರಬೇಡಿ. ಓಡಾಡಿ, ಕುಳಿತುಕೊಳ್ಳಿ, ಗೋಡೆ ಹಿಡಿದು ನಿಲ್ಲಿ. ಮಲಗುವುದಾದರೆ ಮಗ್ಗುಲಾಗಿ ಮಲಗಿ.
2. ಬೇನೆ ಬಂದಾಗ ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಯಿಂದ ನಿಧಾನವಾಗಿ ಬಿಡಿ. ಹಲ್ಲು ಕಚ್ಚಬೇಡಿ, ಮುಷ್ಟಿ ಬಿಗಿಯಬೇಡಿ. ಇಷ್ಟದೇವರ ನಾಮವನ್ನೋ, ಓಂ ನಮಃ ಶಿವಾಯ ಎಂದೋ ಉಸಿರಿನ ಜೊತೆ ಹೇಳಿಕೊಳ್ಳಬಹುದು.
3. ವೈದ್ಯರು ಬೇಡವೆನ್ನದಿದ್ದರೆ ಗಂಜಿ, ಮಜ್ಜಿಗೆ, ಎಳನೀರು ಸ್ವಲ್ಪ ಸ್ವಲ್ಪ ಕುಡಿಯಿರಿ. ಆಗಾಗ ಮೂತ್ರ ಮಾಡಿ. ಮೂತ್ರಕೋಶ ತುಂಬಿದ್ದರೆ ಮಗು ಇಳಿಯಲು ಅಡ್ಡಿ.
4. ಅವ್ವ, ಅತ್ತೆ, ಅಕ್ಕ, ಯಾರಾದರೂ ನಂಬಿಕೆಯ ಒಬ್ಬ ಹೆಂಗಸು ಜೊತೆಗಿರಲಿ. ಅವರ ಕೆಲಸ ಸೊಂಟ ನೀವುವುದು, ಧೈರ್ಯ ಹೇಳುವುದು. "ಎಲ್ಲರೂ ಹೆತ್ತಿಲ್ವೇನೆ?" ಎಂದು ಬೈಯುವುದಲ್ಲ.
5. ಬಾಯಿ ಪೂರ್ತಿ ತೆರೆಯುವ ಮೊದಲು ಮುಕ್ಕಬೇಡಿ. ಮುಕ್ಕಬೇಕು ಎಂದು ದೇಹಕ್ಕೇ ಅನ್ನಿಸುತ್ತದೆ. ಆಗ ಸಿಸ್ಟರ್‌ಗೆ ಹೇಳಿ, ಅವರು ಹೇಳಿದಂತೆ ಮುಕ್ಕಿರಿ.

ಎಂದಿಗೂ ಮಾಡಬಾರದ ಎರಡು ಕೆಲಸ

ಬೇಗ ಹೆರಿಗೆಯಾಗಲೆಂದು ಊರಿನಲ್ಲಿ ಯಾರಿಂದಲೋ "ನೋವಿನ ಇಂಜೆಕ್ಷನ್" ಹಾಕಿಸಿಕೊಂಡು ಬರಬೇಡಿ. ಅದು ಅದೇ ಆಕ್ಸಿಟೋಸಿನ್. ದೇಹ ತಾನೇ ಕೊಡುವಾಗ ನಡುವೆ ಬಿಡುವು ಇರುತ್ತದೆ. ಲೆಕ್ಕವಿಲ್ಲದೆ ಚುಚ್ಚಿದರೆ ಬಿಡುವಿಲ್ಲದೆ ಬೇನೆ ಬಂದು ಮಗುವಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಆಸ್ಪತ್ರೆಯಲ್ಲಿ ಅಗತ್ಯವಿದ್ದಾಗ ಹನಿಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತಾ ಕೊಡುತ್ತಾರೆ. ಎರಡನೆಯದು, ಹೊಟ್ಟೆಯನ್ನು ಮೇಲಿನಿಂದ ಒತ್ತಿಸಬೇಡಿ.

ಆದರೆ ಮಗು ಹುಟ್ಟಿದ ಮೇಲೆ ನಾವು ಕೊಡುವ ಇಂಜೆಕ್ಷನ್ ಬೇಡವೆನ್ನಬೇಡಿ. ಹೆರಿಗೆ ಎಷ್ಟೇ ಸಹಜವಾಗಿ ಆದರೂ ಅದು ಎಲ್ಲ ತಾಯಂದಿರಿಗೂ ಬೇಕು. ವಿಪರೀತ ರಕ್ತಸ್ರಾವವನ್ನು ಅದು ತಡೆಯುತ್ತದೆ.

ದೇಹ ಸಹಾಯ ಕೇಳುವ ಚಿಹ್ನೆಗಳು

ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ:

ರಕ್ತ ಹೋಗುವುದು. ಜೋರಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್ ಬರುವುದು. ನೀರು ಹೋಗುವುದು, ಅದರಲ್ಲೂ ಹಸಿರು ಬಣ್ಣದ ನೀರು. ಮಗು ಮಿಸುಕಾಡುವುದು ಕಡಿಮೆಯಾಗುವುದು. ಜ್ವರ. 37 ವಾರ ತುಂಬುವ ಮೊದಲೇ ಬೇನೆ. ಹೆರಿಗೆಯಾಗಿ ಅರ್ಧ ಗಂಟೆ ಕಳೆದರೂ ಮಾಸು ಬೀಳದಿರುವುದು. ಬಾಣಂತಿಗೆ ಬಟ್ಟೆ ತೊಯ್ದು ತೊಪ್ಪೆಯಾಗುವಷ್ಟು ರಕ್ತ ಹೋಗುವುದು.

ಹಿಂದೆ ಸಿಸೇರಿಯನ್ ಆದವರು, ಮಗು ಅಡ್ಡವಾಗಿರುವವರು, ಅವಳಿ ಮಕ್ಕಳಿರುವವರು, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು ಬೇನೆಗಾಗಿ ಕಾಯಬಾರದು. ಎಲ್ಲಿ ಹೆರಿಗೆ ಎಂಬುದನ್ನು ಮೊದಲೇ ವೈದ್ಯರ ಜೊತೆ ನಿಶ್ಚಯಿಸಿಕೊಳ್ಳಿ. ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಚಳ್ಳಕೆರೆ ಕಡೆಯವರಿಗೆ ಚಿತ್ರದುರ್ಗ, ಮೊಳಕಾಲ್ಮೂರು, ರಾಂಪುರದ ಕಡೆಯವರಿಗೆ ಬಳ್ಳಾರಿ. ಎರಡೂ ಕಡೆ ದಾರಿಗೆ ಹೊತ್ತು ಹಿಡಿಯುತ್ತದೆ. ಹಟ್ಟಿಗಳಲ್ಲಿ, ತೋಟದ ಮನೆಗಳಲ್ಲಿ ಇರುವವರು ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬೇಗ ಹೊರಡಿ. ತವರಿಗೆ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ.

ಆಪರೇಷನ್ ಬೇಕಾದಾಗ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿವೆ. ಇದು ಸಂತೋಷದ ಸಂಗತಿ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ನೂರಕ್ಕೆ 31.5. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ 23.6 ಇತ್ತು. ಅಷ್ಟು ಬೇಗ ನಮ್ಮ ಹೆಣ್ಣುಮಕ್ಕಳ ದೇಹ ಬದಲಾಗಿಲ್ಲ. ಹೆದರಿಕೆ, ಅವಸರ, ಒಳ್ಳೆಯ ಮುಹೂರ್ತದಲ್ಲಿ ಮಗು ಹುಟ್ಟಲೆಂಬ ಆಸೆ, ಇವು ಆಪರೇಷನ್‌ಗೆ ಕಾರಣವಾಗಬಾರದು. ಅದು ಹೊಟ್ಟೆ ಕೊಯ್ಯುವ ದೊಡ್ಡ ಚಿಕಿತ್ಸೆ. ಮುಂದಿನ ಬಸಿರಿಗೂ ಅದರ ಪರಿಣಾಮ ಇರುತ್ತದೆ.

ಆದರೆ ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಬೇಕು ಎಂದು ವೈದ್ಯರು ಹೇಳಿದಾಗ ಸಹಿ ಹಾಕಲು ಯಜಮಾನರು ಬರಲಿ ಎಂದು ಹೊತ್ತು ಕಳೆಯಬೇಡಿ. ಆಪರೇಷನ್ ಆದವಳು ಸೋತವಳಲ್ಲ. "ಇವಳಿಗೆ ಹೆರೋಕೆ ಬರಲಿಲ್ಲ" ಎಂಬ ಮಾತು ಯಾರ ಬಾಯಲ್ಲೂ ಬರಬಾರದು.

ಹೆರುವ ದೇಹಕ್ಕೆ ಮೈಲಿಗೆ ಇಲ್ಲ

ದೇಹವನ್ನು ಮೈಲಿಗೆ ಎಂದು ತಿಳಿದವರು ಅದನ್ನು ನಂಬುವುದಾದರೂ ಹೇಗೆ? ಬಸವಾದಿ ಶರಣರು 12ನೇ ಶತಮಾನದಲ್ಲೇ ಜನನ ಸೂತಕ, ರಜಸ್ಸಿನ ಸೂತಕ ಸೇರಿದಂತೆ ಐದೂ ಸೂತಕಗಳನ್ನು ತಳ್ಳಿಹಾಕಿದರು. ಆದರೂ ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಹೊರಗಿಡುವ ಪದ್ಧತಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆಯ ಗುಡಿಸಲಲ್ಲಿ ಬಾಣಂತಿಯ ಜೊತೆ ಇದ್ದ ಹಸುಗೂಸು ಮಳೆ ಚಳಿಗೆ ಸಿಕ್ಕು ತೀರಿಕೊಂಡಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರ ಹೊರಗಿಡುವುದನ್ನು ರಾಜ್ಯದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯೂ ನಿಷೇಧಿಸಿದೆ. ಯಾವ ಹಟ್ಟಿಯ ಹಿರಿಯರನ್ನೂ ನಾವು ದೂರುತ್ತಿಲ್ಲ. ಕೈಮುಗಿದು ಕೇಳುತ್ತೇವೆ: ಕೂಸಿಗೆ ಬೇಕಾದದ್ದು ತಾಯಿಯ ಎದೆಯ ಬಿಸಿ, ಬೆಚ್ಚಗಿನ ಮನೆ.

ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರೆ ಅದಕ್ಕೆ ಶೀತವಾಗುವುದಿಲ್ಲ. ಒಂದು ಗಂಟೆಯೊಳಗೆ ಅದು ಮೊಲೆ ಹುಡುಕಿ ಚೀಪುತ್ತದೆ. ಚೀಪಿದಾಗ ತಾಯಿಯ ಗರ್ಭಕೋಶ ಬಿಗಿದು ರಕ್ತ ಹೋಗುವುದು ಕಡಿಮೆಯಾಗುತ್ತದೆ. ಇದೂ ದೇಹ ತಾನೇ ಮಾಡಿಕೊಂಡ ಏರ್ಪಾಡು. ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲಬೇಡಿ. ಸಕ್ಕರೆ ನೀರು, ಜೇನುತುಪ್ಪ ಬೇಡ.

ಇವತ್ತಿನಿಂದಲೇ ಸಿದ್ಧತೆ

ನಂಬಿಕೆಗೆ ಬಲ ಬರುವುದು ರಕ್ತದಿಂದ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ ನುಂಗಿ. ಮಾತ್ರೆಯ ಜೊತೆ ಟೀ ಕುಡಿಯಬೇಡಿ. ಸೊಪ್ಪು, ಕಾಳು, ಶೇಂಗಾ, ರಾಗಿ ನಮ್ಮ ಹೊಲದಲ್ಲೇ ಇವೆ. "ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ" ಎಂದು ಅರೆಹೊಟ್ಟೆ ಇರಬೇಡಿ. ಮನೆಗೆಲಸ, ಓಡಾಟ ಇರಲಿ. ಭಾರ ಎತ್ತುವುದು, ಸುಡುಬಿಸಿಲಲ್ಲಿ ಹೊಲದ ಕೆಲಸ ಬೇಡ. ವಾಹನಕ್ಕೆ ಯಾರನ್ನು ಕೇಳಬೇಕು, ರಕ್ತ ಕೊಡಲು ಯಾರು ಬರುತ್ತಾರೆ, ಮನೆಯಲ್ಲಿ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಎಂಟನೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ.

ತಾಯಂದಿರೇ, ಹೆರುವವರು ನೀವು. ನಾವು ನಿಮ್ಮ ಪಕ್ಕದಲ್ಲಿ ಎಚ್ಚರವಾಗಿ ಕೂರುವವರು. ಏನೇ ಸಂಶಯ ಇದ್ದರೂ ತಪಾಸಣೆಗೆ ಬಂದಾಗ ಸಂಕೋಚವಿಲ್ಲದೆ ಕೇಳಿ. ಈ ಹಾಳೆಯನ್ನು ಓದಿದ ಮೇಲೆ ಮನೆಯ ಹಿರಿಯರಿಗೂ ಓದಿ ಹೇಳಿ.