ವರದಿ ನಾರ್ಮಲ್ ಬಂದರೂ ಮಾತ್ರೆ ಯಾಕೆ?

ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿದಿದೆ ಎಂದು ಗೊತ್ತಾದ ಕೂಡಲೇ ಮಾತ್ರೆ ನಿಲ್ಲಿಸಿಬಿಡುವವರು ಅನೇಕರು. ಇದು ಯಾಕೆ ಅಪಾಯ ಎಂದು ತಿಳಿಯಲು ನಮ್ಮ ಜೀವಕೋಶದೊಳಗೆ ಒಮ್ಮೆ ಇಣುಕಬೇಕು.

ಕೊಲೆಸ್ಟ್ರಾಲ್ ನಮ್ಮ ಶತ್ರುವಲ್ಲ. ಜೀವಕೋಶದ ಹೊದಿಕೆಗೆ, ಪಿತ್ತರಸಕ್ಕೆ, ಹಲವು ಹಾರ್ಮೋನುಗಳಿಗೆ, ಡಿ ವಿಟಮಿನ್‌ಗೆ ಅದು ಬೇಕೇ ಬೇಕು. ಅದರ ಹೆಚ್ಚು ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಊಟದಿಂದ ಬರುವುದು ಕಡಿಮೆ. ಈ ತಯಾರಿಕೆಯ ಮುಖ್ಯ ಕೆಲಸಗಾರ ರಿಡಕ್ಟೇಸ್ ಎಂಬ ಪ್ರೋಟೀನು.

ನಂಜನಗೂಡು ತಾಲೂಕಿನ ಬದನವಾಳು ಖಾದಿಗೆ ಹೆಸರಾದ ಊರು. ನೂಲಿನ ದಾಸ್ತಾನು ಹೆಚ್ಚಾದರೆ ರಾಟೆ ನಿಲ್ಲಿಸಿದರೆ ಸಾಕು. ಜೀವಕೋಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಟೆಯನ್ನೇ ಬಿಚ್ಚಿಹಾಕುತ್ತದೆ. ಕೊಲೆಸ್ಟ್ರಾಲ್ ಸಾಕಷ್ಟಾದಾಗ ರಿಡಕ್ಟೇಸಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಚೀಟಿಯಂತೆ ಅಂಟಿಕೊಳ್ಳುತ್ತದೆ. ಅದರಲ್ಲಿರುವುದು ಕೇವಲ 76 ಅಮೈನೋ ಆಮ್ಲಗಳು. ಚೀಟಿ ಬಿದ್ದ ರಿಡಕ್ಟೇಸನ್ನು ಪ್ರೋಟಿಯಾಸೋಮ್ ಎಂಬ ಯಂತ್ರ ಚೂರುಚೂರು ಮಾಡುತ್ತದೆ. ಚೀಟಿಗಳು ಮಾತ್ರ ಕಳಚಿಕೊಂಡು ಮತ್ತೆ ಬಳಕೆಗೆ ಬರುತ್ತವೆ. ಈ ಚೀಟಿ ವ್ಯವಸ್ಥೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಇನ್ನೊಂದು ಬಗೆಯ ಗುರುತೂ ಇದೆ. ಜೀವಕೋಶದಲ್ಲಿ ಶಕ್ತಿ ಕಡಿಮೆಯಾದಾಗ ರಿಡಕ್ಟೇಸಿಗೆ ಫಾಸ್ಫೇಟ್ ಸೇರಿಕೊಂಡು ಅದರ ಕೆಲಸ ನಿಧಾನವಾಗುತ್ತದೆ. ಹಾಗೆಂದು ಉಪವಾಸವೊಂದೇ ಮಾತ್ರೆಯ ಬದಲಿಗೆ ಸಾಕು ಎಂದು ತಿಳಿಯಬಾರದು.

ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಜೀವಕೋಶದೊಳಗೆ ಹೋಗಲು ಬಾಗಿಲುಗಳಿವೆ. ಅವೇ ಎಲ್‌ಡಿಎಲ್ ಗ್ರಾಹಕಗಳು. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ತಂದದ್ದು ಇವುಗಳ ಮೇಲಿನ ಸಂಶೋಧನೆ. ಒಳಗೆ ಕೊಲೆಸ್ಟ್ರಾಲ್ ತುಂಬಿದರೆ ಹೊಸ ಬಾಗಿಲುಗಳ ತಯಾರಿ ತಗ್ಗುತ್ತದೆ. ಇರುವ ಬಾಗಿಲಿಗೂ ನಾಶದ ಚೀಟಿ ಬೀಳುತ್ತದೆ. ಆಗ ಎಲ್‌ಡಿಎಲ್ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಗೆ ಸೇರುತ್ತದೆ. ಹೃದಯಾಘಾತದ ದಾರಿ ಶುರುವಾಗುವುದು ಅಲ್ಲಿಂದ.

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳು ರಿಡಕ್ಟೇಸಿನ ಕೈ ಕಟ್ಟುತ್ತವೆ. ಒಳಗೆ ಕೊರತೆಯಾದ ಯಕೃತ್ತಿನ ಕೋಶ ಹೆಚ್ಚು ಬಾಗಿಲು ತೆರೆದು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ವರದಿ ನಾರ್ಮಲ್ ಆಗುವುದು ಹೀಗೆ. ಆದರೆ ಕೊರತೆಯಿರುವಾಗ ರಿಡಕ್ಟೇಸಿಗೆ ಚೀಟಿ ಬೀಳುವುದೂ ಕಡಿಮೆ. ಕೈ ಕಟ್ಟಿಸಿಕೊಂಡ ಕೆಲಸಗಾರರು ಒಳಗೆ ಗುಂಪುಗೂಡಿರುತ್ತಾರೆ. ಮಾತ್ರೆ ಬಿಟ್ಟರೆ ಕಟ್ಟು ಬಿಚ್ಚುತ್ತದೆ, ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ. ನಾರ್ಮಲ್ ವರದಿ ಎಂದರೆ ಕಾಯಿಲೆ ಹೋಯಿತು ಎಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದು.

ಮನೆಮಂದಿ ಗಮನಿಸಬೇಕಾದ್ದು:

• ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮೈಕೈ ಸ್ನಾಯುಗಳಲ್ಲಿ ವಿಪರೀತ ನೋವು ಬಂದರೆ ಕೂಡಲೇ ತಿಳಿಸಿ.

• ರಮಝಾನಿನಲ್ಲಿ ಈ ಮಾತ್ರೆಯನ್ನು ಸಾಮಾನ್ಯವಾಗಿ ಇಫ್ತಾರಿನ ನಂತರ ರಾತ್ರಿ ತೆಗೆದುಕೊಳ್ಳಬಹುದು. ತಿಂಗಳು ಶುರುವಾಗುವ ಮೊದಲೇ ವೈದ್ಯರೊಂದಿಗೆ ಹೊತ್ತು ಗೊತ್ತುಮಾಡಿಕೊಳ್ಳಿ.

• ಗರ್ಭಿಣಿಯರು ಮತ್ತು ಮಗು ಬಯಸುವ ಹೆಣ್ಣುಮಕ್ಕಳು ಸ್ಟಾಟಿನ್ ಬಗ್ಗೆ ವೈದ್ಯರಿಗೆ ಮೊದಲೇ ಹೇಳಬೇಕು.

• ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಮಕ್ಕಳ ರಕ್ತವನ್ನೂ ಪರೀಕ್ಷಿಸಿ. ಎಲ್‌ಡಿಎಲ್ ಬಾಗಿಲಿನ ದೋಷ ತಂದೆತಾಯಿಯಿಂದ ಬರಬಹುದು. ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬಗಳಲ್ಲಿ ಇಬ್ಬರಿಂದಲೂ ದೋಷ ಬಂದು ತೀವ್ರವಾಗುವ ಸಂಭವ ಹೆಚ್ಚು.

• ಡಾಲ್ಡಾ, ಮಾಂಸದ ಕೊಬ್ಬು, ಕರಿದ ತಿಂಡಿ ಕಡಿಮೆ ಮಾಡಿ. ಸೊಪ್ಪು, ಹುರುಳಿ, ಅವರೆ ಹೆಚ್ಚಿಸಿ. ಬೀಡಿ, ಸಿಗರೇಟು ಬಿಡಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.